ಐಪಾಡ್‌ಗೆ ಪುಟ್ಟ ಸ್ಪೀಕರ್ ಡಾಕ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಹಳೇ ಐಪಾಡ್ ಇದೆ, ಇನ್ನೂ ಚೆನ್ನಾಗಿಯೇ ಹಾಡುತ್ತದೆ, ಇಯರ್‌ಫೋನ್ ಇಲ್ಲದೆ ಕೇಳಲು ಒಂದು ಚಿಕ್ಕ ಸ್ಪೀಕರ್ ಬೇಕು. ಹೀಗೆ ಯೋಚಿಸುತ್ತಿರುವವರಿಗಾಗಿ ಈ ಪ್ರಶ್ನೋತ್ತರ. ಇಂಥ ಡಾಕ್‌ಗಳು ಹೊಸದಾಗಿ ಅಂಗಡಿಗೆ ಬರುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಹಾಗಾಗಿ ಇಲ್ಲಿರುವ ಸಲಹೆಗಳು ಮುಖ್ಯವಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ, ಮತ್ತೆ ನೆಂಟರ ಮನೆಯ ಅಟ್ಟದಿಂದ ಒಂದನ್ನು ಇಳಿಸಿಕೊಂಡು ಬಂದವರಿಗೆ.

ಸ್ಪೀಕರ್ ಡಾಕ್ ಅಂದರೆ ಏನು?

ಮುಂಭಾಗದಲ್ಲೋ ತಲೆಯ ಮೇಲೋ ಒಂದು ಗುಳಿ ಇರುವ ಸ್ಪೀಕರ್. ಗುಳಿಯ ನಡುವೆ ಒಂದು ಕನೆಕ್ಟರ್ ಎದ್ದು ನಿಂತಿರುತ್ತದೆ. ಐಪಾಡನ್ನು ಅದರ ಮೇಲೆ ಕೂರಿಸಿದರೆ ಹಾಡು ಬರುತ್ತದೆ, ಜೊತೆಗೆ ಚಾರ್ಜೂ ಆಗುತ್ತದೆ. ವೈರ್ ಎಳೆಯುವ, ಪೇರಿಂಗ್ ಮಾಡುವ ಗೋಜಿಲ್ಲ.

ಒಂದು ಬ್ಲೂಟೂತ್ ಸ್ಪೀಕರ್ ತಗೊಂಡರೆ ಸಾಲದಾ?

ನಿಮ್ಮ ಪ್ಲೇಯರ್‌ನಲ್ಲಿ ಬ್ಲೂಟೂತ್ ಇದ್ದರೆ ಖಂಡಿತ ಸಾಕು. ಐಪಾಡ್ ಕ್ಲಾಸಿಕ್‌ನಲ್ಲಿ ಅದು ಇಲ್ಲ. ಮಿನಿಯಲ್ಲಿ ಇಲ್ಲ, ಶಫಲ್‌ನಲ್ಲೂ ಇಲ್ಲ. ನ್ಯಾನೋಗಳಲ್ಲಿ 2012ರ ಕೊನೆಯ ಮಾಡೆಲ್‌ಗೆ, ಅಂದರೆ 7ನೇ ತಲೆಮಾರಿಗೆ ಮಾತ್ರ ಇದೆ. ಅದು ನಿಮ್ಮಲ್ಲಿದ್ದರೆ ಡಾಕ್ ಹುಡುಕುವ ಶ್ರಮವೇ ಬೇಡ. ಉಳಿದವರಿಗೂ ಇನ್ನೊಂದು ದಾರಿ ಇದೆ: ಆಕ್ಸ್ ಪೋರ್ಟ್ (ವೈರಿನಿಂದ ದನಿ ಒಳಗೆ ಬರುವ 3.5 ಮಿಲಿಮೀಟರ್ ಜ್ಯಾಕ್) ಇರುವ ಹೊಸ ಬ್ಲೂಟೂತ್ ಸ್ಪೀಕರ್ ತಂದು, ಐಪಾಡ್‌ನ ಹೆಡ್‌ಫೋನ್ ಜ್ಯಾಕ್‌ನಿಂದ ಒಂದು ವೈರ್ ಹಾಕುವುದು. ಡಾಕ್‌ನಲ್ಲಿ ಜಾಸ್ತಿ ಸಿಗುವುದು ಮೂರು ವಿಷಯ. ಪ್ಲೇಯರ್ ಚಾರ್ಜ್ ಆಗುತ್ತಲೇ ಹಾಡುತ್ತದೆ, ರಿಮೋಟ್‌ನಲ್ಲಿ ಹಾಡು ಬದಲಾಯಿಸಬಹುದು, ಮತ್ತೆ ಲೈನ್ ಔಟ್ ಸಿಗುತ್ತದೆ. ಲೈನ್ ಔಟ್ ಬಗ್ಗೆ ಮುಂದೆ ಹೇಳುತ್ತೇನೆ.

ನನ್ನ ಐಪಾಡ್‌ಗೆ ಯಾವ ಡಾಕ್ ಹೊಂದುತ್ತದೆ ಅಂತ ಹೇಗೆ ತಿಳಿಯುವುದು?

ಪ್ಲೇಯರನ್ನು ತಲೆಕೆಳಗು ಮಾಡಿ ಚಾರ್ಜಿಂಗ್ ಪೋರ್ಟ್ ನೋಡಿ. ಸುಮಾರು ಎರಡು ಸೆಂಟಿಮೀಟರ್ ಅಗಲದ, ಚಪ್ಪಟೆ ಪೋರ್ಟ್ ಇದ್ದರೆ ಅದು 30 ಪಿನ್. 2003ರ ಏಪ್ರಿಲ್‌ನಲ್ಲಿ ಬಂದ 3ನೇ ತಲೆಮಾರಿನ ಐಪಾಡ್‌ನಿಂದ ಶುರುವಾದ ಕನೆಕ್ಟರ್ ಇದು. ಕ್ಲಾಸಿಕ್, ಮಿನಿ, ನ್ಯಾನೋ 6ನೇ ತಲೆಮಾರಿನವರೆಗೆ, ಟಚ್ 4ನೇ ತಲೆಮಾರಿನವರೆಗೆ ಎಲ್ಲಕ್ಕೂ ಇದೇ. ಕಿರುಬೆರಳ ಉಗುರಿಗಿಂತ ಸಣ್ಣ ಪೋರ್ಟ್ ಆದರೆ ಲೈಟ್ನಿಂಗ್. ಅದು 2012ರ ಸೆಪ್ಟೆಂಬರ್‌ನಲ್ಲಿ ಐಫೋನ್ 5ರ ಜೊತೆ ಬಂತು.

2001ರಲ್ಲಿ ಬಂದ ಮೊದಲ ಐಪಾಡ್ ಮತ್ತು ಅದರ ಮರುವರ್ಷದ ಮಾಡೆಲ್‌ಗೆ ಇವೆರಡೂ ಇಲ್ಲ. ತಲೆಯ ಮೇಲೆ ಫೈರ್‌ವೈರ್ ಪೋರ್ಟ್ (ಯುಎಸ್‌ಬಿ ಥರದ ಹಳೇ ಪೋರ್ಟ್) ಮಾತ್ರ. ಅವು ಯಾವ ಡಾಕ್‌ನಲ್ಲೂ ಕೂರುವುದಿಲ್ಲ, ಆಕ್ಸ್ ವೈರೇ ಗತಿ.

ನನ್ನದು ಐಪಾಡ್ ಶಫಲ್. ಅದಕ್ಕೆ?

ಶಫಲ್‌ಗೆ ಡಾಕ್ ಕನೆಕ್ಟರ್ ಇಲ್ಲವೇ ಇಲ್ಲ. ಮೊದಲ ಶಫಲ್ ನೇರವಾಗಿ ಕಂಪ್ಯೂಟರ್‌ನ ಯುಎಸ್‌ಬಿಗೆ ಚುಚ್ಚುವಂಥದ್ದು. ಆಮೇಲಿನವು ಹೆಡ್‌ಫೋನ್ ಜ್ಯಾಕ್‌ನಲ್ಲೇ ಹಾಡುತ್ತವೆ, ಅದರಲ್ಲೇ ಚಾರ್ಜ್ ಆಗುತ್ತವೆ. ಹಾಗಾಗಿ ಸ್ಪೀಕರ್‌ಗೆ ಸಿಕ್ಕಿಸಿ ಹಾಡುತ್ತಿರುವಾಗ ಚಾರ್ಜ್ ಆಗುವುದಿಲ್ಲ. ಆಕ್ಸ್ ಇರುವ ಯಾವ ಸ್ಪೀಕರ್ ಆದರೂ ನಡೆಯುತ್ತದೆ. ಶಫಲ್‌ಗೋಸ್ಕರ ಡಾಕ್ ಹುಡುಕುವುದು ಸುಮ್ನೆ ದುಡ್ಡು ದಂಡ.

30 ಪಿನ್ ಡಾಕ್ ಆದರೆ ಯಾವುದಾದರೂ ಆಗುತ್ತಾ?

ಹಾಡು ಬಹುತೇಕ ಎಲ್ಲದರಲ್ಲೂ ಬರುತ್ತದೆ. ತಕರಾರು ಬರುವುದು ಚಾರ್ಜಿಂಗ್‌ನಲ್ಲಿ, ಇದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

30 ಪಿನ್ ಕನೆಕ್ಟರ್‌ನಲ್ಲಿ ಕರೆಂಟ್ ಬರಲು ಎರಡು ದಾರಿ ಇದ್ದವು. ಒಂದು ಫೈರ್‌ವೈರ್ ಪಿನ್, ಅದರಲ್ಲಿ 12 ವೋಲ್ಟ್. ಇನ್ನೊಂದು ಯುಎಸ್‌ಬಿ ಪಿನ್, ಅದರಲ್ಲಿ 5 ವೋಲ್ಟ್. ಹೆಚ್ಚಿನ ಹಳೇ ಐಪಾಡ್‌ಗಳು ಎರಡನ್ನೂ ಒಪ್ಪುತ್ತಿದ್ದವು. ಹಾಗಾಗಿ ಆಗಿನ ಎಷ್ಟೋ ಡಾಕ್‌ಗಳು 12 ವೋಲ್ಟ್ ಮಾತ್ರ ಕೊಟ್ಟು ಕೈತೊಳೆದುಕೊಂಡವು. 2008ರಲ್ಲಿ ಐಫೋನ್ 3ಜಿ, ನ್ಯಾನೋ 4ನೇ ತಲೆಮಾರು, ಟಚ್ 2ನೇ ತಲೆಮಾರು ಬಂದವು. ಇವುಗಳಲ್ಲಿ ಫೈರ್‌ವೈರ್ ಚಾರ್ಜಿಂಗನ್ನೇ ತೆಗೆದುಹಾಕಿದ್ದರು. ಅಲ್ಲಿಂದಾಚೆಗೆ ಹೊಸ ನ್ಯಾನೋವನ್ನು ಹಳೇ ಡಾಕ್ ಮೇಲೆ ಇಟ್ಟರೆ ಹಾಡು ಬರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಾ ಹೋಗುತ್ತದೆ. ಡಾಕ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯುತ್ತಾರೆ. ಅದು ಕೆಟ್ಟಿರುವುದಿಲ್ಲ, ಹುಟ್ಟಿದ್ದೇ ಹಾಗೆ. 12 ವೋಲ್ಟನ್ನು 5ಕ್ಕೆ ಇಳಿಸಿಕೊಡುವ ಪುಟ್ಟ ಅಡಾಪ್ಟರ್‌ಗಳು ಒಂದು ಕಾಲದಲ್ಲಿ ಸಿಗುತ್ತಿದ್ದವು, ಈಗ ಹುಡುಕಬೇಕು. ನಿಮ್ಮದು 2008ರಲ್ಲಿ ಅಥವಾ ಆಮೇಲೆ ಬಂದ ನ್ಯಾನೋ ಅಥವಾ ಟಚ್ ಆಗಿದ್ದರೆ, ಕೊಳ್ಳುವ ಮುಂಚೆ ಡಾಕ್ ಮೇಲೆ ಕೂರಿಸಿ ಪರದೆಯಲ್ಲಿ ಚಾರ್ಜಿಂಗ್ ಗುರುತು ಬರುತ್ತದಾ ನೋಡಿ.

ಇನ್ನೊಂದು ಗುಳಿಯ ಅಳತೆ. ದಪ್ಪ ಕ್ಲಾಸಿಕ್‌ಗೂ ತೆಳ್ಳನೆ ನ್ಯಾನೋಗೂ ಒಂದೇ ಗುಳಿ ಹೊಂದುವಂತೆ ಪ್ಲಾಸ್ಟಿಕ್ ಇನ್ಸರ್ಟ್‌ಗಳನ್ನು ಕೊಡುತ್ತಿದ್ದರು. ಹಳೇ ಡಾಕ್ ಜೊತೆ ಅವು ಸಿಗುವುದು ಅಪರೂಪ. ಇಲ್ಲದಿದ್ದರೂ ಹಾಡು ಬರುತ್ತದೆ. ಆದರೆ ಪ್ಲೇಯರ್‌ನ ಪೂರ್ತಿ ಭಾರ ಕನೆಕ್ಟರ್ ಮೇಲೆ ಬೀಳುತ್ತದೆ. ಬೆನ್ನಿಗೆ ಆನಿಸಲು ಒಂದು ಸ್ಪಾಂಜ್ ತುಂಡು ಇಟ್ಟರೆ ಸಾಕು.

ಆಕ್ಸ್ ಪೋರ್ಟ್ ಬೇಕೇ ಬೇಕಾ?

ಬೇಕೇ ಬೇಕು. ಈ ಪ್ರಶ್ನೋತ್ತರದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಡಾಕ್‌ನಲ್ಲಿ ಸ್ಪೀಕರ್ ಬೇಗ ಕೆಡುವುದಿಲ್ಲ. ಆಂಪ್ಲಿಫೈಯರ್ ಕೂಡ ವರ್ಷಗಟ್ಟಲೆ ಬಾಳುತ್ತದೆ. ಮೊದಲು ಹೋಗುವುದು ಕನೆಕ್ಟರ್. ದಿನಾ ಪ್ಲೇಯರ್ ಕೂರಿಸಿ, ಎತ್ತಿ, ಒಂದು ದಿನ ಪಿನ್ ಸಡಿಲವಾಗುತ್ತದೆ. ಇಲ್ಲವೇ ಕನೆಕ್ಟರ್ ಗಟ್ಟಿಯಾಗಿಯೇ ಇದ್ದು, ಕಂಪನಿ ಅದನ್ನು ಬಿಟ್ಟು ಹೊಸದಕ್ಕೆ ಹಾರುತ್ತದೆ. 30 ಪಿನ್‌ಗೆ ಆದದ್ದು ಇದೇ, ಲೈಟ್ನಿಂಗ್‌ಗೂ ಇದೇ ಆಯಿತು. 2023ರ ಐಫೋನ್ 15ರಲ್ಲಿ ಯುಎಸ್‌ಬಿ ಸಿ ಬಂತು. ಈ ಗದ್ದಲದಲ್ಲಿ ತಲೆಕೆಡಿಸಿಕೊಳ್ಳದೆ ಉಳಿದದ್ದು 3.5 ಮಿಲಿಮೀಟರ್ ಜ್ಯಾಕ್ ಒಂದೇ. ಆಕ್ಸ್ ಇರುವ ಡಾಕ್‌ಗೆ ಐಪಾಡ್ ಸತ್ತ ಮೇಲೂ ಟಿವಿ, ಲ್ಯಾಪ್‌ಟಾಪ್, ರೇಡಿಯೋ ಯಾವುದನ್ನಾದರೂ ಸಿಕ್ಕಿಸಬಹುದು. ಆಕ್ಸ್ ಇಲ್ಲದ್ದು ಕನೆಕ್ಟರ್ ಹೋದ ದಿನವೇ ಗುಜರಿಗೆ.

ದೊಡ್ಡ ಹೆಸರಿನ ಡಾಕ್‌ಗಳಲ್ಲೂ ಇದನ್ನು ಪರೀಕ್ಷಿಸಬೇಕು. 2004ರಲ್ಲಿ ಬಂದ ಬೋಸ್ ಸೌಂಡ್‌ಡಾಕ್‌ನ ಮೊದಲ ಮಾಡೆಲ್‌ನಲ್ಲಿ ಆಕ್ಸ್ ಇಲ್ಲ. ಆಮೇಲಿನ ಸೀರೀಸ್ 2ರಲ್ಲಿ, ಬ್ಯಾಟರಿ ಇರುವ ಪೋರ್ಟಬಲ್‌ನಲ್ಲಿ ಇದೆ. ಎದುರಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಹಿಂದುಗಡೆಯ ಫೋಟೋ ಕೇಳಿ ತರಿಸಿಕೊಳ್ಳಿ.

ಲೈಟ್ನಿಂಗ್ ಪೋರ್ಟ್ ಇರುವ ಟಚ್ ಇದೆ, ಸಿಕ್ಕಿರುವುದು 30 ಪಿನ್ ಡಾಕ್. ಅಡಾಪ್ಟರ್ ಹಾಕಬಹುದಾ?

ಹಾಕಬಹುದು. ಆದರೆ ಅಡಾಪ್ಟರ್ ಒಳ್ಳೆಯದಿರಬೇಕು. 30 ಪಿನ್‌ನಲ್ಲಿ ಅನಲಾಗ್ ಆಡಿಯೋ ನೇರವಾಗಿ ಹೊರಬರುತ್ತಿತ್ತು. ಲೈಟ್ನಿಂಗ್‌ನಲ್ಲಿ ಬರುವುದು ಡಿಜಿಟಲ್ ಸಿಗ್ನಲ್. ಅದನ್ನು ಮತ್ತೆ ಅನಲಾಗ್ ಮಾಡುವ ಚಿಪ್ ಅಡಾಪ್ಟರ್ ಒಳಗೇ ಇರಬೇಕು. ಆಪಲ್‌ನ ಅಸಲಿ ಅಡಾಪ್ಟರ್‌ನಲ್ಲಿ ಅದು ಇತ್ತು. ಅಗ್ಗದ ನಕಲಿಗಳಲ್ಲಿ ಬರೀ ಚಾರ್ಜಿಂಗ್ ವೈರ್ ಇರುತ್ತದೆ. ಸಿಕ್ಕಿಸಿದರೆ ಚಾರ್ಜ್ ಆಗುತ್ತದೆ, ದನಿ ಬರುವುದಿಲ್ಲ.

ಜೊತೆಗೆ, ಚಿಕ್ಕ ಗಟ್ಟಿ ಅಡಾಪ್ಟರ್ ಮೇಲೆ ಪ್ಲೇಯರ್ ಕೂತಾಗ ಅದು ಎತ್ತರಕ್ಕೆ ಹೋಗಿ ತೂರಾಡುತ್ತದೆ. ಕೈ ತಗಲಿದರೆ ಕನೆಕ್ಟರ್ ಮುರಿಯುತ್ತದೆ. 20 ಸೆಂಟಿಮೀಟರ್ ವೈರ್ ಇರುವ ಅಡಾಪ್ಟರ್ ಕೂಡ ಇತ್ತು, ಸಿಕ್ಕರೆ ಅದೇ ಮೇಲು. ಟಚ್‌ನಲ್ಲಿ ಬ್ಲೂಟೂತೂ ಇದೆ, ಹೆಡ್‌ಫೋನ್ ಜ್ಯಾಕೂ ಇದೆ. ಇಷ್ಟು ಸಾಹಸ ಯಾಕೆ ಅಂತ ನನಗೆ ಅನ್ನಿಸುತ್ತದೆ.

ನನ್ನ ಪ್ಲೇಯರ್ ಆಪಲ್‌ದಲ್ಲ.

ಸೋನಿ ವಾಕ್‌ಮನ್‌ಗೆ ಅದರದೇ 22 ಪಿನ್‌ನ ಕನೆಕ್ಟರ್ ಇತ್ತು. 2019ರ ನಂತರದ ವಾಕ್‌ಮನ್‌ಗಳಿಗೆ ಯುಎಸ್‌ಬಿ ಸಿ ಬಂತು. ಮೈಕ್ರೋಸಾಫ್ಟ್‌ನ ಝೂನ್‌ಗೂ ಬೇರೆಯದೇ ಕನೆಕ್ಟರ್. ನೋಡಲು ಐಪಾಡ್‌ನದರಂತೆ ಕಂಡರೂ ಒಂದಕ್ಕೊಂದು ಹೊಂದುವುದಿಲ್ಲ, ಬಲವಂತ ಮಾಡಿದರೆ ಎರಡೂ ಹಾಳು. ಇವುಗಳಿಗೆ ಡಾಕ್ ಹುಡುಕುವ ಬದಲು ಆಕ್ಸ್ ಇರುವ ಒಳ್ಳೆ ಸ್ಪೀಕರ್ ನೋಡಿ.

ಡಬ್ಬದ ಮೇಲೆ 300 ವ್ಯಾಟ್ ಅಂತ ಬರೆದಿದೆ. ನಂಬಬಹುದಾ?

ಬೇಡ. ತೊಂಬತ್ತರ ದಶಕದ ಟೇಪ್ ರೆಕಾರ್ಡರ್‌ಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್ ಬರೆದ ಬಣ್ಣಬಣ್ಣದ ಸ್ಟಿಕರ್ ನೆನಪಿದೆ ಅಲ್ವಾ? ಅದೇ ಆಟ. ಕಣ್ಣು ಮಿಟುಕಿಸುವಷ್ಟು ಹೊತ್ತು ಬರುವ ಗರಿಷ್ಠ ಶಕ್ತಿಯನ್ನು ಲೆಕ್ಕ ಹಾಕಿ ಬರೆದ ಸಂಖ್ಯೆ ಅದು. ಒಂದು ಸಲ ಅಕ್ಕಿ ಮೂಟೆ ಎತ್ತಿ ಕೆಳಗಿಟ್ಟವನನ್ನು ದಿನವಿಡೀ ಹೊರುವ ಹಮಾಲಿ ಅಂತ ಕರೆದ ಹಾಗೆ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ.

ಅದೂ ಬರೆದಿಲ್ಲವಾ? ಪವರ್ ಅಡಾಪ್ಟರ್ ಬೆನ್ನು ನೋಡಿ, ಅದು ಸುಳ್ಳು ಹೇಳುವುದಿಲ್ಲ. ಔಟ್‌ಪುಟ್ 12 ವೋಲ್ಟ್, 1.5 ಆಂಪಿಯರ್ ಅಂತ ಇದ್ದರೆ ಗುಣಿಸಿ. 18 ವ್ಯಾಟ್. ಇದರಲ್ಲೇ ಪ್ಲೇಯರ್ ಚಾರ್ಜ್ ಆಗಬೇಕು, ಒಂದಿಷ್ಟು ಬಿಸಿಯಾಗಿ ಹೋಗಬೇಕು, ಉಳಿದದ್ದು ಸ್ಪೀಕರ್‌ಗೆ. ಒಳಗೆ ಬಂದಿದ್ದಕ್ಕಿಂತ ಹೆಚ್ಚು ವ್ಯಾಟನ್ನು ಯಾವ ಡಾಕೂ ಸತತವಾಗಿ ಹೊರಗೆ ಕೊಡಲಾರದು.

ಹಾಗಂತ ವ್ಯಾಟ್ ಹಿಂದೆ ಓಡಲೂಬೇಡಿ. 10 ವ್ಯಾಟ್ ಬದಲು 20 ವ್ಯಾಟ್ ಆದರೆ ಹೆಚ್ಚುವುದು 3 ಡೆಸಿಬೆಲ್ ಅಷ್ಟೇ. ಕಿವಿಗೆ ತುಸು ಜೋರು ಅನ್ನಿಸುತ್ತದೆ, ಇಮ್ಮಡಿ ಅಲ್ಲ. ಇಮ್ಮಡಿ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಮಲಗುವ ಕೋಣೆಗೆ, ಅಡುಗೆಮನೆಗೆ 5ರಿಂದ 10 ವ್ಯಾಟ್ ಧಾರಾಳ.

ಪುಟ್ಟ ಡಾಕ್‌ನಲ್ಲಿ ಬೇಸ್ ಬರುತ್ತದಾ?

ಗುಂಡಿಗೆ ನಡುಗುವ ಬೇಸ್ ಬರುವುದಿಲ್ಲ. ಆಳದ ದನಿಗೆ ಜಾಸ್ತಿ ಗಾಳಿಯನ್ನು ತಳ್ಳಬೇಕು. ಎರಡು ಇಂಚಿನ ಕೋನ್ ಎಷ್ಟು ಅಂತ ತಳ್ಳೀತು? ಪೆಟ್ಟಿಗೆಯಲ್ಲಿ ಒಂದು ಕೊಳವೆ ಬಿಟ್ಟು, ಇಲ್ಲವೇ ವೈರ್ ಇಲ್ಲದ ಇನ್ನೊಂದು ಕೋನ್ ಕೂರಿಸಿ ಸ್ವಲ್ಪ ಸಹಾಯ ಮಾಡಿರುತ್ತಾರೆ. ಇದಕ್ಕೂ ಒಂದು ಮಿತಿ ಇದೆ. ಬೇಸ್ ಚೆನ್ನಾಗಿದೆ ಅಂತ ಹೆಸರಾದ ಡಾಕ್‌ಗಳನ್ನು ಎತ್ತಿ ನೋಡಿ, ಅವು ಪುಟ್ಟವಲ್ಲ.

ಪರೀಕ್ಷಿಸುವಾಗ ಡಂ ಡಂ ಎನ್ನುವ ಹಾಡು ಹಾಕಿ ಮೋಸ ಹೋಗಬೇಡಿ. ತಬಲಾದ ಎಡದ ಗುಂಕಾರ ಇರುವ ಯಾವುದಾದರೂ ಹಾಡು ಹಾಕಿ. ಗುಂಕಾರ ಏರಿ ಇಳಿಯುವುದು ಕೇಳಿದರೆ ಒಳ್ಳೆಯದು. ಎಲ್ಲ ಸ್ವರವೂ ಒಂದೇ ಥರ ದಬ್ ದಬ್ ಅಂದರೆ ಅದು ಬೇಸ್ ಅಲ್ಲ, ಪೆಟ್ಟಿಗೆ ನಡುಗುತ್ತಿದೆ.

ನಾನು ಕೇಳುವುದೆಲ್ಲ ಹಳೇ ಚಿತ್ರಗೀತೆ, ಭಾವಗೀತೆ. ಏನು ನೋಡಬೇಕು?

ನಿಮಗೆ ಪುಟ್ಟ ಡಾಕ್ ಹೇಳಿ ಮಾಡಿಸಿದ್ದು. ಅರವತ್ತರ, ಎಪ್ಪತ್ತರ ದಶಕದ ನಮ್ಮ ಚಿತ್ರಗೀತೆಗಳಲ್ಲಿ ಹೆಚ್ಚಿನವು ಮೋನೋ ರೆಕಾರ್ಡಿಂಗ್. ಎಡ ಬಲ ಎರಡರಲ್ಲೂ ಅದೇ ದನಿ. ಒಂದು ಗೇಣು ಅಂತರದಲ್ಲಿ ಎರಡು ಸ್ಪೀಕರ್ ಇರುವ ಡಾಕ್‌ನಲ್ಲಿ ಸ್ಟೀರಿಯೋ ಹೇಗೂ ಅಷ್ಟಾಗಿ ಬಿಡಿಸಿ ಕೇಳುವುದಿಲ್ಲ, ನಿಮಗೆ ಅದರಿಂದ ನಷ್ಟವೂ ಇಲ್ಲ. ಬೇಕಾದದ್ದು ಹಾಡುವವರ ದನಿ ಸ್ಪಷ್ಟವಾಗಿ ಕೇಳುವುದು. ಪಲ್ಲವಿಯ ಮಾತುಗಳು ಕಡಿಮೆ ವಾಲ್ಯೂಮ್‌ನಲ್ಲೂ ತಿಳಿಯುತ್ತವಾ? ಸ, ಶ ಬಂದಾಗ ಕಿವಿಗೆ ಚುಚ್ಚುತ್ತದಾ? ಇಷ್ಟು ನೋಡಿದರೆ ಸಾಕು. ಹರಿಕಥೆ, ಪ್ರವಚನ, ತಾಳಮದ್ದಳೆ ಕೇಳುವವರಿಗೂ ಇದೇ ಮಾತು.

ಹೆಸರು ಹೇಳಿ, ಯಾವುದು ನೋಡಲಿ?

ಪಟ್ಟಿ ಕೊಡುವುದಕ್ಕಿಂತ ಯಾವುದು ಯಾರಿಗೆ ಅಂತ ಹೇಳುತ್ತೇನೆ.

ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡುವವರಿಗೆ ಆಲ್ಟೆಕ್ ಲ್ಯಾನ್ಸಿಂಗ್ ಇನ್‌ಮೋಷನ್ ಐಎಂ3. ಮಡಚಿದರೆ ತೆಳ್ಳಗಾಗುತ್ತದೆ, ನಾಲ್ಕು ಎಎ ಸೆಲ್‌ನಲ್ಲಿ ನಡೆಯುತ್ತದೆ. ಜೆಬಿಎಲ್ ಆನ್ ಸ್ಟೇಜ್ ಮೈಕ್ರೋ ಅದಕ್ಕಿಂತಲೂ ಚಿಕ್ಕದು, ದುಂಡಗಿನದು, ನಾಲ್ಕು ಎಎಎ ಸೆಲ್. ಮಂಚದ ಪಕ್ಕ ಗಡಿಯಾರ, ಅಲಾರಂ, ರೇಡಿಯೋ ಎಲ್ಲ ಒಂದರಲ್ಲೇ ಬೇಕು ಅಂದರೆ ಐಹೋಮ್‌ನ ಐಎಚ್5 ಮತ್ತು ಅದರ ತಮ್ಮಂದಿರು. ಬೆಳಿಗ್ಗೆ ನಿಮ್ಮದೇ ಹಾಡಿಗೆ ಎಬ್ಬಿಸುತ್ತವೆ. ದನಿ ಸಾಧಾರಣ, ಅನುಕೂಲ ಬಹಳ.

ಹಾಲ್‌ನಲ್ಲಿ ಒಂದು ಕಡೆ ಇಟ್ಟು ಕೇಳಲು ಬೋಸ್ ಸೌಂಡ್‌ಡಾಕ್ ಸೀರೀಸ್ 2. ಮೊದಲ ಮಾಡೆಲ್‌ಗೆ ಆಕ್ಸ್ ಇಲ್ಲ ಅನ್ನುವುದರ ಜೊತೆ ಇನ್ನೊಂದು ತಲೆನೋವಿದೆ. ಅದರ ಪವರ್ ಸಪ್ಲೈ ಎಲ್ಲ ಕಡೆ ಸಿಗುವ ದುಂಡು ಪಿನ್‌ನದಲ್ಲ. ಅದು ಕಳೆದುಹೋದ ಸೆಟ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಬಿ ಅಂಡ್ ಡಬ್ಲ್ಯೂ ಕಂಪನಿಯ ಝೆಪಲಿನ್ 2007ರಲ್ಲಿ ಬಂತು, ವಾಯುನೌಕೆಯ ಆಕಾರ, ದನಿ ಸೊಗಸು. ಆದರೆ ಅದಕ್ಕೆ ಒಂದು ಪೂರ್ತಿ ಶೆಲ್ಫ್ ಬಿಟ್ಟುಕೊಡಬೇಕು. ಆಪಲ್ ತಾನೇ ಮಾಡಿದ ಐಪಾಡ್ ಹೈಫೈ ಇನ್ನೂ ತಮಾಷೆ. 2006ರ ಫೆಬ್ರವರಿಯಲ್ಲಿ 349 ಡಾಲರ್‌ಗೆ ಬಂದು ಮರುವರ್ಷವೇ ನಿಂತುಹೋಯಿತು. ಆರು ದೊಡ್ಡ ಡಿ ಸೆಲ್ ಹಾಕಿ ಎಲ್ಲಿಗೆ ಬೇಕಾದರೂ ಒಯ್ಯಬಹುದು ಅಂದರು. ಸೆಲ್ ಇಲ್ಲದೆಯೇ ಆರೂವರೆ ಕಿಲೋ ತೂಕ! ಸಂಗ್ರಹಿಸುವವರಿಗೆ ಸರಿ. ಪುಟ್ಟ ಡಾಕ್ ಕೇಳಿಬಂದವರಿಗೆ ಅಲ್ಲ.

ಸೆಲ್ ಹಾಕುವುದು ಬೇಕಾ, ಕರೆಂಟಿನದು ಸಾಕಾ?

ತಾರಸಿ, ಅಂಗಳ, ಪ್ರವಾಸ ಅಂತ ಓಡಾಡಿಸುವುದಿದ್ದರೆ ಸೆಲ್ ಬೇಕು. ಎಎ ಸೆಲ್ ಹಾಕುವಂಥದ್ದು ಮೇಲು, ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಒಳಗೇ ಲಿಥಿಯಂ ಬ್ಯಾಟರಿ ಇರುವ ಹಳೇ ಡಾಕ್‌ನಲ್ಲಿ ಆ ಬ್ಯಾಟರಿ ಬಹುಶಃ ಸೋತಿರುತ್ತದೆ. ಕೊಳ್ಳುವಾಗ ಬ್ಯಾಟರಿ ಕೆಲಸ ಮಾಡುವುದಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಕಟ್ಟಿ.

ಹಳೇ ಡಾಕ್‌ನ ಸೆಲ್ ಡಬ್ಬಿ ತೆಗೆದಾಗ ಸ್ಪ್ರಿಂಗ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸೆಲ್ ಸೋರಿದೆ ಅಂತ. ಸ್ವಲ್ಪವೇ ಇದ್ದರೆ ಕಿವಿ ಒರೆಸುವ ಹತ್ತಿಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಉಜ್ಜಿ, ಚೆನ್ನಾಗಿ ಒಣಗಿಸಿ. ಸ್ಪ್ರಿಂಗೇ ತಿಂದುಹೋಗಿದ್ದರೆ ಬಿಟ್ಟುಬಿಡಿ.

ಅಮೆರಿಕದಿಂದ ಅಣ್ಣ ತಂದ ಡಾಕ್ ಇದೆ. ಇಲ್ಲಿ ಹಾಕಿದರೆ ಸುಟ್ಟುಹೋಗುತ್ತದಾ?

ಹೋಗಬಹುದು. ಪ್ಲಗ್‌ಗೆ ಹಾಕುವ ಮುಂಚೆ ಅಡಾಪ್ಟರ್ ಮೇಲೆ ಇನ್‌ಪುಟ್ ಸಾಲು ಓದಿ. 100-240 ವೋಲ್ಟ್ ಅಂತ ಇದ್ದರೆ ಚಿಂತೆ ಇಲ್ಲ, ಪಿನ್ ಬದಲಾಯಿಸುವ ಸಣ್ಣ ಕನ್ವರ್ಟರ್ ಪ್ಲಗ್ ಸಾಕು. ಬರೀ 120 ವೋಲ್ಟ್, 60 ಹರ್ಟ್ಜ್ ಅಂತ ಇದ್ದರೆ ನಮ್ಮ 230 ವೋಲ್ಟ್‌ಗೆ ಅದು ಕ್ಷಣದಲ್ಲಿ ಹೊಗೆಯಾಡುತ್ತದೆ. ಕೈಯಲ್ಲಿ ಹಿಡಿದರೇ ಸುಳಿವು ಸಿಗುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಅಡಾಪ್ಟರ್ ಕಲ್ಲಿನ ಹಾಗೆ ಭಾರ. ಹಗುರವಾದವು ಸಾಮಾನ್ಯವಾಗಿ ಎರಡೂ ವೋಲ್ಟೇಜಿಗೆ ಆಗುತ್ತವೆ. ತೂಕ ನೋಡಿ ತೀರ್ಮಾನಿಸಬೇಡಿ, ಓದಿಯೇ ಹಾಕಿ.

120ರ ಅಡಾಪ್ಟರ್ ಆಗಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವ ಬದಲು, ಅದೇ ಔಟ್‌ಪುಟ್ ಇರುವ ಇಲ್ಲಿನ ಅಡಾಪ್ಟರ್ ಕೊಳ್ಳುವುದು ಅಗ್ಗ.

ಅಡಾಪ್ಟರ್ ಇಲ್ಲದ ಡಾಕ್ ಸಿಕ್ಕಿದೆ. ಬೇರೆಯದು ಹಾಕಬಹುದಾ?

ನಾಲ್ಕು ವಿಷಯ ಹೊಂದಬೇಕು. ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್‌ನ ಗಾತ್ರ ಸರಿಯಾಗಿ ಕೂರಬೇಕು. ನಾಲ್ಕನೆಯದನ್ನೇ ಜನ ಮರೆಯುವುದು: ಪಿನ್‌ನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವುದು. ಡಾಕ್‌ನ ಬೆನ್ನಿನ ಮೇಲೆ ಚುಕ್ಕಿ, ಅರ್ಧಚಂದ್ರ, ಪ್ಲಸ್ ಮೈನಸ್ ಇರುವ ಚಿಕ್ಕ ಚಿತ್ರ ಇರುತ್ತದೆ. ಅಡಾಪ್ಟರ್ ಮೇಲೂ ಅದೇ ಚಿತ್ರ ಇರಬೇಕು. ಇನ್‌ಪುಟ್ ಡಿಸಿ ಬದಲು ಎಸಿ ಅಂತ ಬರೆದಿರುವ ಡಾಕ್‌ಗಳೂ ಒಂದೊಂದು ಸಿಗುತ್ತವೆ, ಅವುಗಳಿಗೆ ಸಾಮಾನ್ಯ ಅಡಾಪ್ಟರ್ ಹಾಕಲೇಬೇಡಿ.

ಸೆಕೆಂಡ್ ಹ್ಯಾಂಡ್ ಡಾಕ್ ಎಲ್ಲಿ ಹುಡುಕುವುದು, ಹೇಗೆ ಪರೀಕ್ಷಿಸುವುದು?

ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಸುತ್ತ ಒಂದು ಸುತ್ತು ಹಾಕಿ. ಡಾಕ್ ಸಿಗದಿದ್ದರೂ ಅಡಾಪ್ಟರ್, ವೈರ್, ಬೆಸುಗೆ ಹಾಕುವವರು ಸಿಗುತ್ತಾರೆ. ಆನ್‌ಲೈನ್‌ನಲ್ಲಿ ಹುಡುಕುವವರು ಮುಂಗಡ ದುಡ್ಡು ಕಳಿಸದೆ, ಹೋಗಿ ನೋಡಿ ಕೊಳ್ಳಿ. ಹೋಗುವಾಗ ನಿಮ್ಮ ಪ್ಲೇಯರ್, ಒಂದು ಆಕ್ಸ್ ವೈರ್ ಎರಡೂ ಜೇಬಿನಲ್ಲಿರಲಿ.

ಮೊದಲು ಪ್ಲೇಯರ್ ಕೂರಿಸಿ. ಹಾಡು ನಡೆಯುತ್ತಿರುವಾಗ ಬೆರಳಿನಿಂದ ಮೆಲ್ಲಗೆ ಒಂಚೂರು ಆಡಿಸಿ. ಕರಕರ ಅಂದರೆ, ಒಂದು ಕಡೆಯ ದನಿ ನಿಂತು ಬಂದರೆ ಕನೆಕ್ಟರ್ ಸವೆದಿದೆ. ಚಾರ್ಜಿಂಗ್ ಗುರುತು ನೋಡಿ. ಹಾಡು ನಿಲ್ಲಿಸಿ ವಾಲ್ಯೂಮ್ ಪೂರ್ತಿ ಏರಿಸಿ, ಸಣ್ಣಗೆ ಸ್ಸ್ ಅನ್ನುವುದು ಸಹಜ, ಗುಂಯ್ ಎನ್ನುವ ಜೋರು ಹಮ್ ಸಹಜವಲ್ಲ. ಆಮೇಲೆ ಮುಕ್ಕಾಲು ವಾಲ್ಯೂಮ್‌ನಲ್ಲಿ ಒಂದು ಹಾಡು ಪೂರ್ತಿ ಕೇಳಿ, ಅವಸರ ಮಾಡಬೇಡಿ. ಹರಿದ ಕೋನ್ ಪರಪರ ಅನ್ನುವುದು ಆಗಲೇ ಗೊತ್ತಾಗುವುದು. ಆಕ್ಸ್‌ನಲ್ಲೂ ಒಮ್ಮೆ ಹಾಡಿಸಿ. ಮಾರುವವರು "ಪ್ಲೇಯರ್ ಇಲ್ಲ, ಆದ್ದರಿಂದ ಟೆಸ್ಟ್ ಮಾಡಿಲ್ಲ" ಅಂದರೆ ಕೆಟ್ಟಿದೆ ಅಂತಲೇ ತಿಳಿದು ಬೆಲೆ ಮಾತಾಡಿ.

ರಿಮೋಟ್ ಕೆಲಸ ಮಾಡುತ್ತದಾ ಅಂತ ಅಲ್ಲೇ ನೋಡುವುದು ಹೇಗೆ?

ಮೊಬೈಲ್‌ನ ಮುಂದಿನ ಕ್ಯಾಮೆರಾ ತೆರೆದು, ರಿಮೋಟ್‌ನ ಮೂತಿ ಅದರತ್ತ ಹಿಡಿದು ಬಟನ್ ಒತ್ತಿ. ಪರದೆಯಲ್ಲಿ ನೇರಳೆ ಬಣ್ಣದ ಬೆಳಕು ಮಿನುಗಿದರೆ ಸರಿಯಿದೆ. ಮಿನುಗದಿದ್ದರೆ ಮೊದಲು ಒಳಗಿನ ನಾಣ್ಯದಂಥ ಸೆಲ್ ಬದಲಿಸಿ ನೋಡಿ. ರಿಮೋಟ್ ಇಲ್ಲದಿದ್ದರೆ ಡಾಕ್ ಮೇಲೆಯೇ ವಾಲ್ಯೂಮ್ ಬಟನ್ ಇದೆಯಾ ಖಚಿತ ಮಾಡಿಕೊಳ್ಳಿ.

ಐಪಾಡ್‌ನಲ್ಲಿ ವಾಲ್ಯೂಮ್ ತಿರುಗಿಸಿದರೂ ಡಾಕ್‌ನಲ್ಲಿ ದನಿ ಬದಲಾಗುತ್ತಿಲ್ಲ. ಕೆಟ್ಟಿದೆಯಾ?

ಇಲ್ಲ, ಇದೇ ಲೈನ್ ಔಟ್. 30 ಪಿನ್‌ನಲ್ಲಿ ದನಿಗೆಂದೇ ಬೇರೆ ಪಿನ್‌ಗಳಿವೆ. ಅವು ಐಪಾಡ್‌ನ ಹೆಡ್‌ಫೋನ್ ವಾಲ್ಯೂಮನ್ನು ದಾಟಿಕೊಂಡು ಒಂದೇ ಮಟ್ಟದಲ್ಲಿ ಸಿಗ್ನಲ್ ಕೊಡುತ್ತವೆ. ಜೋರು, ಮೆಲ್ಲಗೆ ಮಾಡುವುದೆಲ್ಲ ಡಾಕ್‌ನಲ್ಲೇ. ದನಿ ಹೆಚ್ಚು ಸ್ವಚ್ಛವಾಗಿರುವುದೂ ಇದರಿಂದಲೇ.

ಆಕ್ಸ್ ವೈರಿನಲ್ಲಿ ಕೇಳುವಾಗ ಹೀಗಲ್ಲ, ಎರಡು ಕಡೆಯ ವಾಲ್ಯೂಮೂ ಕೆಲಸ ಮಾಡುತ್ತವೆ. ಪ್ಲೇಯರ್‌ನಲ್ಲಿ ಸುಮಾರು ಮುಕ್ಕಾಲರಿಂದ ಎಂಬತ್ತು ಭಾಗ ಇಟ್ಟು, ಉಳಿದದ್ದನ್ನು ಸ್ಪೀಕರ್‌ನಲ್ಲಿ ಹೊಂದಿಸಿ. ಪ್ಲೇಯರ್ ಕಡಿಮೆ ಇಟ್ಟು ಸ್ಪೀಕರ್ ಏರಿಸಿದರೆ ಸ್ಸ್ ಎನ್ನುವ ಸದ್ದು ಜಾಸ್ತಿಯಾಗುತ್ತದೆ. ಈಕ್ವಲೈಸರ್‌ನಲ್ಲಿ ಬೇಸ್ ಬೂಸ್ಟರ್ ಆರಿಸಿದ್ದರೆ ತೆಗೆಯಿರಿ, ಪುಟ್ಟ ಸ್ಪೀಕರ್ ಅದನ್ನು ತಾಳಲಾರದೆ ಒಡೆದ ದನಿ ಕೊಡುತ್ತದೆ.

ಆಕ್ಸ್‌ನಲ್ಲಿ ಹಾಡುತ್ತಿರುವಾಗ ಪ್ಲೇಯರ್ ಚಾರ್ಜಿಗೆ ಹಾಕಿದರೆ ಗುಂಯ್ ಅನ್ನುತ್ತದೆ. ಯಾಕೆ?

ಚಾರ್ಜರಿನ ಗಲಾಟೆಯೂ ಅದೇ ವೈರ್ ಹಿಡಿದು ಸ್ಪೀಕರ್‌ಗೆ ಬರುತ್ತಿದೆ. ಚಾರ್ಜರ್ ತೆಗೆದರೆ ನಿಲ್ಲುತ್ತದೆ. ಒಳ್ಳೆಯ ಚಾರ್ಜರ್ ಹಾಕಿ ನೋಡಿ, ಇಲ್ಲವೇ ಆಕ್ಸ್ ವೈರಿನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೋಲೇಟರ್ ಸಿಗುತ್ತದೆ, ಕಾರಿನ ಸ್ಟೀರಿಯೋ ಅಂಗಡಿಯಲ್ಲಿ ಕೇಳಿ.

ಫೋನ್ ಪಕ್ಕದಲ್ಲಿಟ್ಟರೆ ಡಾಕ್ ಟರ್ರ್ ಟರ್ರ್ ಅನ್ನುತ್ತದೆ.

2ಜಿ ಫೋನ್ ಸಂಕೇತವನ್ನು ಬಿಡಿಬಿಡಿಯಾಗಿ, ಸೆಕೆಂಡಿಗೆ ಸುಮಾರು 217 ಸಲ ಕಳಿಸುತ್ತದೆ. ಡಾಕ್‌ನ ಆಂಪ್ಲಿಫೈಯರ್ ಅದನ್ನೇ ಹಿಡಿದು ಸದ್ದು ಮಾಡುತ್ತದೆ. ಇದೇ ಕಾರಣಕ್ಕೆ ಮೊದಮೊದಲ ಐಫೋನ್‌ಗಳನ್ನು ಐಪಾಡ್ ಡಾಕ್ ಮೇಲೆ ಇಟ್ಟರೆ, ಈ ಸಾಧನ ಐಫೋನ್‌ಗಾಗಿ ಮಾಡಿದ್ದಲ್ಲ, ಏರ್‌ಪ್ಲೇನ್ ಮೋಡ್‌ಗೆ ಹೋಗಲಾ ಅಂತ ಕೇಳುತ್ತಿದ್ದವು. ಫೋನನ್ನು ಒಂದು ಮಾರು ದೂರ ಇಡಿ, ಅಷ್ಟೇ.

ಡಾಕ್ ಮೇಲೆ ಚುಚ್ಚುವ ಬ್ಲೂಟೂತ್ ರಿಸೀವರ್ ಹೇಗೆ?

ಒಳ್ಳೆಯ ಉಪಾಯ. ಐಪಾಡ್ ಕೂರುವ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ರಿಸೀವರ್ ಕೂರಿಸಿದರೆ ಮೊಬೈಲ್‌ನ ಹಾಡೂ ಅದರಲ್ಲಿ ಬರುತ್ತದೆ. ಅದಕ್ಕೆ ಬೇಕಾದ 5 ವೋಲ್ಟನ್ನು ಡಾಕ್‌ನಿಂದಲೇ ಎಳೆದುಕೊಳ್ಳುತ್ತದೆ. ಮೇಲೆ ಹೇಳಿದ 12 ವೋಲ್ಟ್ ಮಾತ್ರ ಕೊಡುವ ಹಳೇ ಡಾಕ್‌ಗಳಲ್ಲಿ ಇದು ನಡೆಯುವುದಿಲ್ಲ. ಕನೆಕ್ಟರೇ ಹೋಗಿದ್ದರೆ ಆಕ್ಸ್‌ಗೆ ಹಾಕುವ ರಿಸೀವರ್ ತಗೊಳ್ಳಿ.

ಮನೆಯಲ್ಲಿ ಎಲ್ಲಿ ಇಡಬೇಕು?

ಗೋಡೆಗೆ ಹತ್ತಿರ ಇಟ್ಟರೆ ಬೇಸ್ ತುಂಬುತ್ತದೆ. ಮೂಲೆಗೆ ತಳ್ಳಿದರೆ ಇನ್ನೂ ತುಂಬಿ ಮಾತು ಮಸುಕಾಗುತ್ತದೆ. ಕೂತಾಗ ಕಿವಿಯ ಮಟ್ಟಕ್ಕೆ ಬಂದರೆ ಒಳ್ಳೆಯದು. ಟೊಳ್ಳು ಟೀಪಾಯಿ ಮೇಲೆ ಇಟ್ಟರೆ ಟೀಪಾಯಿಯೂ ಹಾಡುತ್ತದೆ, ಅಡಿಗೆ ಒಂದು ಮೌಸ್ ಪ್ಯಾಡ್ ಹಾಕಿ. ಅಡುಗೆಮನೆಯಲ್ಲಾದರೆ ಒಗ್ಗರಣೆಯ ಹಬೆ ತಾಗದಷ್ಟು ದೂರ.

ಮಳೆಗಾಲದಲ್ಲಿ ಏನಾದರೂ ಎಚ್ಚರ ವಹಿಸಬೇಕಾ?

ಮಲೆನಾಡು, ಕರಾವಳಿಯಲ್ಲಿರುವವರು ವಹಿಸಲೇಬೇಕು. ತೇವಕ್ಕೆ ಕನೆಕ್ಟರ್ ಪಿನ್ ಕಪ್ಪಾಗುತ್ತದೆ, ಬಟ್ಟೆಯ ಗ್ರಿಲ್‌ಗೆ ಬೂಷ್ಟು ಹಿಡಿಯುತ್ತದೆ. ದಿನಾ ಅರ್ಧ ಗಂಟೆ ಹಾಡಿಸುವುದೇ ಒಳ್ಳೆಯ ಮದ್ದು, ಒಳಗಿನ ಬಿಸಿಗೆ ತೇವ ಆರುತ್ತದೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಹಿಂದೆ ಗಾಳಿಕೊಳವೆ ಇರುವ ಡಾಕ್‌ನೊಳಗೆ ಇರುವೆ ಗೂಡು ಕಟ್ಟುವುದು, ಹಲ್ಲಿ ಹೊಕ್ಕುವುದು ನಮ್ಮ ಕಡೆ ಮಾಮೂಲು. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಕೊಳವೆಯ ಬಾಯಿಗೆ ಬಟ್ಟೆ ತುರುಕಿ.

ಪಿನ್ ಒರೆಸಲು ಒಣ ಮೆತ್ತನೆ ಬ್ರಷ್ ಸಾಕು. ಹಠಮಾರಿ ಕೊಳೆಗೆ ಪ್ಲಗ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ತೊಟ್ಟು. ಎಣ್ಣೆ ಮಾತ್ರ ಬೇಡ.

ಐಪಾಡನ್ನು ಯಾವಾಗಲೂ ಡಾಕ್ ಮೇಲೆಯೇ ಬಿಟ್ಟರೆ ಪರವಾಗಿಲ್ಲವಾ?

ಹಾಡು ಕೇಳುವಾಗ ಇರಲಿ, ಉಳಿದ ಹೊತ್ತು ಎತ್ತಿಡಿ. ಸದಾ ಪೂರ್ತಿ ಚಾರ್ಜ್‌ನಲ್ಲಿ, ಬೆಚ್ಚಗಿನ ಜಾಗದಲ್ಲಿ ಕೂತ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಐಪಾಡ್‌ನ ಬೆನ್ನು ಉಬ್ಬಿದಂತೆ, ಪರದೆ ಮೇಲೆದ್ದಂತೆ ಕಂಡರೆ ಆ ಕ್ಷಣವೇ ಚಾರ್ಜಿಂಗ್ ನಿಲ್ಲಿಸಿ. ಒತ್ತಿ ಕೂರಿಸಲು ಹೋಗಬೇಡಿ, ಬ್ಯಾಟರಿ ಬದಲಾಯಿಸುವವರ ಹತ್ತಿರ ಒಯ್ಯಿರಿ.

ಎಷ್ಟು ದುಡ್ಡು ಕೊಡಬಹುದು?

ಆಕ್ಸ್ ಇರುವ ಸಾಧಾರಣ ಹೊಸ ಬ್ಲೂಟೂತ್ ಸ್ಪೀಕರ್‌ಗೆ ಇವತ್ತು ಎಷ್ಟಿದೆ ನೋಡಿ. ಹಳೇ ಡಾಕ್‌ಗೆ ಅದರ ಅರ್ಧಕ್ಕಿಂತ ಜಾಸ್ತಿ ನಾನು ಕೊಡುವುದಿಲ್ಲ. ಬೋಸ್ ಅಥವಾ ಝೆಪಲಿನ್ ಒಳ್ಳೆ ಸ್ಥಿತಿಯಲ್ಲಿ, ಅಸಲಿ ಅಡಾಪ್ಟರ್, ರಿಮೋಟ್ ಸಮೇತ ಸಿಕ್ಕರೆ ಮಾತು ಬೇರೆ. ಐಪಾಡ್ ಕ್ಲಾಸಿಕ್ 2014ರಲ್ಲಿ, ಕೊನೆಯ ಟಚ್ 2022ರಲ್ಲಿ ನಿಂತವು. ಹಾಗಾಗಿ "ಈಗ ಇದು ಅಪರೂಪ ಸಾರ್" ಅಂತ ಬೆಲೆ ಏರಿಸುವವರು ಸಿಗುತ್ತಾರೆ. ಅಪರೂಪ ಆಗಿರುವುದು ಒಳ್ಳೆಯ ಐಪಾಡ್. ಡಾಕ್‌ಗಳು ಬೇಕಾದಷ್ಟು ಮನೆಗಳ ಅಟ್ಟದಲ್ಲಿ ಬಿದ್ದಿವೆ, ಮೊದಲು ನೆಂಟರಿಷ್ಟರನ್ನು ಕೇಳಿ ನೋಡಿ.